ರಕ್ಷಣಾ ನಾಯಿಯ ತರಬೇತಿಯಲ್ಲಿ ಭಯಕ್ಕೆ ಎಷ್ಟು ಜಾಗ? ಡಿಫೆನ್ಸ್ ಡ್ರೈವ್ ಬಗ್ಗೆ ಹಂತ ಹಂತದ ಮಾರ್ಗದರ್ಶಿ

ಗೇಟಿನ ಮುಂದೆ ಯಾರೋ ಹೊಸಬರು ಬಂದು ನಿಲ್ಲುತ್ತಾರೆ. ನಾಯಿಯ ಕತ್ತಿನ ಕೂದಲು ನಿಮಿರುತ್ತದೆ. ಹಲ್ಲು ಕಿರಿಯುತ್ತಾ ಎರಡು ಹೆಜ್ಜೆ ಮುಂದೆ ನುಗ್ಗುತ್ತದೆ, ಮೂರು ಹೆಜ್ಜೆ ಹಿಂದೆ ಸರಿಯುತ್ತದೆ, ಮತ್ತೆ ಬೊಗಳುತ್ತದೆ. ಮಾಲೀಕರಿಗೆ ಹೆಮ್ಮೆಯೋ ಹೆಮ್ಮೆ. "ನಮ್ಮದು ತುಂಬಾ ಪ್ರೊಟೆಕ್ಟಿವ್" ಅನ್ನುತ್ತಾರೆ. ನನ್ನ ಕಣ್ಣು ಹೋಗುವುದು ಹಿಂದೆ ಸರಿದ ಆ ಮೂರು ಹೆಜ್ಜೆಗಳ ಕಡೆಗೆ. ಆ ನಾಯಿ ಯಾರನ್ನೂ ಕಾಯುತ್ತಿಲ್ಲ. ಅದಕ್ಕೆ ಹೆದರಿಕೆಯಾಗಿದೆ, "ಹೋಗಪ್ಪಾ ಇಲ್ಲಿಂದ" ಎಂದು ಕೂಗುತ್ತಿದೆ ಅಷ್ಟೆ. ಬಂದವರು ಹೊರಟು ಹೋಗುತ್ತಾರೆ. ನಾಯಿ ಒಂದು ಪಾಠ ಕಲಿಯುತ್ತದೆ: ಗಲಾಟೆ ಮಾಡಿದರೆ ಭಯ ಹೋಗುತ್ತದೆ.

ಡಿಫೆನ್ಸ್ ಕೆಲಸ, ಅಂದರೆ ಬೆದರಿಕೆಯನ್ನು ಎದುರಿಸಲು ನಾಯಿಗೆ ಕಲಿಸುವ ಕೆಲಸ, ಪೂರ್ತಿ ನಿಂತಿರುವುದು ಈ ಒಂದು ಪಾಠದ ಮೇಲೆ. ಅಳತೆಯಲ್ಲಿ ಕಲಿಸಿದರೆ ಎದುರಾಳಿಯ ಮುಂದೆ ನಿಲ್ಲುವ ಧೈರ್ಯ ನಾಯಿಗೆ ಬರುತ್ತದೆ. ಅಳತೆ ತಪ್ಪಿದರೆ ಛತ್ರಿ ಹಿಡಿದವರನ್ನೂ ಕಚ್ಚುವ ಪ್ರಾಣಿ ಮನೆಯಲ್ಲಿ ತಯಾರಾಗುತ್ತದೆ. ಆ ಅಳತೆ ಹೇಗೆ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿಕೊಂಡು ಸ್ನೇಹಿತನ ಕೈಗೆ ಗೋಣಿಚೀಲ ಸುತ್ತಿ ಮನೆಯಂಗಳದಲ್ಲಿ ಶುರು ಮಾಡಬೇಡಿ. ಅನುಭವ ಇರುವ ಹೆಲ್ಪರ್ ಇಲ್ಲದೆ ಮೂರನೇ ಹಂತ ದಾಟುವಂತಿಲ್ಲ. ಹೆಲ್ಪರ್ ಅಂದರೆ ಸ್ಲೀವ್ (ನಾಯಿ ಕಚ್ಚಲೆಂದು ತೋಳಿಗೆ ಹಾಕುವ ದಪ್ಪ ಕವಚ) ಅಥವಾ ಬೈಟ್ ಸೂಟ್ (ಮೈಪೂರ್ತಿ ಮುಚ್ಚುವ ಅಂಥದೇ ಉಡುಪು) ಹಾಕಿಕೊಂಡು ನಾಯಿಯ ಎದುರಾಳಿಯಾಗಿ ನಿಲ್ಲುವ ವ್ಯಕ್ತಿ. ಕೆಲವು ಕಡೆ ಡಿಕಾಯ್ ಅನ್ನುತ್ತಾರೆ.

ಬೇಟೆ, ಡಿಫೆನ್ಸ್, ಭಯ: ಮೂರೂ ಒಂದೇ ಅಲ್ಲ

ಡ್ರೈವ್ ಅಂದರೆ ಒಳಗಿನಿಂದ ಬರುವ ತುಡಿತ. ಪ್ರಾಣಿಗಳ ನಡವಳಿಕೆ ಓದುವ ವಿಜ್ಞಾನಿಗಳು ಈ ಪದವನ್ನು ಈಗ ಅಷ್ಟಾಗಿ ಬಳಸುವುದಿಲ್ಲ. ತರಬೇತಿ ಮೈದಾನದಲ್ಲಿ ಮಾತ್ರ ಇದಿಲ್ಲದೆ ಮಾತೇ ಹೊರಡುವುದಿಲ್ಲ, ಹಾಗಾಗಿ ನಾನೂ ಬಳಸುತ್ತೇನೆ.

ಪ್ರೇ ಡ್ರೈವ್ ಅಂದರೆ ಬೇಟೆಯ ತುಡಿತ. ಓಡುವುದನ್ನು ಅಟ್ಟಬೇಕು, ಹಿಡಿಯಬೇಕು, ಕೊಡವಬೇಕು, ಹೊತ್ತುಕೊಂಡು ಹೋಗಬೇಕು. ಇದರಲ್ಲಿ ಸಿಟ್ಟಿಲ್ಲ. ಚೆಂಡಿನ ಹಿಂದೆ ಓಡುವ ನಾಯಿಗೆ ಚೆಂಡಿನ ಮೇಲೆ ದ್ವೇಷ ಇರುತ್ತದಾ? ಡಿಫೆನ್ಸ್ ಹಾಗಲ್ಲ. ಎದುರಿನಲ್ಲಿ ಇರುವುದು ತನಗೆ ಅಪಾಯ ಎಂದು ನಾಯಿಗೆ ಅನ್ನಿಸಿದಾಗ ಮಾತ್ರ ಅದು ಏಳುತ್ತದೆ. ಬೆಕ್ಕುಗಳ ಮಿದುಳಿನ ಮೇಲೆ ನಡೆದ ಪ್ರಯೋಗಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಂಡಿದೆ. ಹೈಪೋಥಲಮಸ್‌ನ ಒಂದು ಭಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟರೆ ಬೆಕ್ಕು ಸದ್ದಿಲ್ಲದೆ ಹೊಂಚು ಹಾಕಿ ಇಲಿಯನ್ನು ಕಚ್ಚುತ್ತದೆ. ಇನ್ನೊಂದು ಭಾಗಕ್ಕೆ ಕೊಟ್ಟರೆ ಕೂದಲು ನಿಮಿರಿಸಿ, ಬುಸುಗುಟ್ಟಿ, ಉಗುರು ಬೀಸುತ್ತದೆ. ಎರಡೂ ಕಡೆ ಕಚ್ಚು ಇದೆ, ಆದರೆ ದಾರಿಗಳು ಬೇರೆ.

ಕೂಲಿಯೂ ಬೇರೆ. ಬೇಟೆಯಲ್ಲಿ ನಾಯಿಗೆ ಸಿಗುವ ಕೂಲಿ ಹಿಡಿದ ವಸ್ತು. ಡಿಫೆನ್ಸ್‌ನಲ್ಲಿ ಸಿಗುವ ಕೂಲಿ ನೆಮ್ಮದಿ, ಅಂದರೆ ಅಪಾಯ ದೂರ ಹೋಯಿತು ಅನ್ನುವ ಹಗುರ. ಮೈದಾನದಲ್ಲಿ ಈ ಕೂಲಿ ಕೊಡುವವನು ಹೆಲ್ಪರ್. ಅವನು ಯಾವ ಕ್ಷಣದಲ್ಲಿ ಹಿಂದೆ ಸರಿದನೋ ಆ ಕ್ಷಣದಲ್ಲಿ ನಾಯಿ ಏನು ಮಾಡುತ್ತಿತ್ತೋ ಅದೇ ಗಟ್ಟಿಯಾಗುತ್ತದೆ. ನಾಯಿ ಮುಂದೆ ಹೆಜ್ಜೆ ಇಟ್ಟಾಗ ಸರಿದರೆ ಧೈರ್ಯ ಗಟ್ಟಿಯಾಗುತ್ತದೆ. ನಾಯಿ ಹಿಂದೆ ಹೋದಾಗ ಸರಿದರೆ ಓಡಿಹೋಗುವುದು ಗಟ್ಟಿಯಾಗುತ್ತದೆ. ಅರ್ಧ ಸೆಕೆಂಡಿನ ವ್ಯತ್ಯಾಸ!

ಭಯ ಈ ಧೈರ್ಯಕ್ಕೂ ಓಟಕ್ಕೂ ಕೆಳಗೆ ಇರುವ ಕಚ್ಚಾ ಸಾಮಾನು. ಒಂದೇ ಭಯದಿಂದ ನಾಯಿ ಓಡಬಹುದು, ಕಲ್ಲಿನಂತೆ ನಿಂತುಬಿಡಬಹುದು, ಎದುರಿಸಲೂಬಹುದು. ಯಾವುದು ಅನ್ನುವುದು ಮೂರರ ಮೇಲೆ ನಿಂತಿದೆ. ಎದುರಾಳಿ ಎಷ್ಟು ದೂರದಲ್ಲಿದ್ದಾನೆ? ತಪ್ಪಿಸಿಕೊಳ್ಳಲು ದಾರಿ ಇದೆಯಾ? ಹಿಂದಿನ ಸಲ ಎದುರಿಸಿದಾಗ ಏನಾಯಿತು? ಸ್ವಿಸ್ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಇದನ್ನು ದೂರದ ಲೆಕ್ಕದಲ್ಲಿ ವಿವರಿಸಿದರು. ಒಂದು ಗೆರೆಯವರೆಗೆ ಬಂದರೆ ಪ್ರಾಣಿ ಓಡುತ್ತದೆ. ಓಡಲಾಗದೆ ಇನ್ನೂ ಹತ್ತಿರದ ಇನ್ನೊಂದು ಗೆರೆ ದಾಟಿದರೆ ಮೇಲೆ ಬೀಳುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆ ಆ ಎರಡನೇ ಗೆರೆಯವರೆಗೆ ಮಾತ್ರ ನಿಜ.

ನಮ್ಮ ಕೆಲಸದ ಗುಟ್ಟು ಇಷ್ಟೇ: ಹೆದರಿಸಿ ಕಚ್ಚಿಸುವುದಲ್ಲ, ಹೆದರಿಕೆ ಇಷ್ಟೇ ಇಷ್ಟು ಹುಟ್ಟುವಾಗಲೇ ನಾಯಿಗೆ ಗೆಲುವು ಕೊಡುವುದು.

ಶುರು ಮಾಡುವ ಮೊದಲು: ಯಾವ ನಾಯಿಗೆ ಬೇಡ

ಬಹಳಷ್ಟು ನಾಯಿಗಳಿಗೆ ಬೇಡ. ಇದನ್ನು ಕೇಳಲು ಯಾರಿಗೂ ಇಷ್ಟ ಇಲ್ಲ. ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನ್ವಾ, ರಾಟ್‌ವೀಲರ್, ಡಾಬರ್‌ಮನ್ ಮುಂತಾದ ತಳಿಗಳನ್ನು ಈ ಕೆಲಸಕ್ಕೆ ಹೆಚ್ಚಾಗಿ ಬಳಸುತ್ತಾರೆ, ನಿಜ. ಆದರೆ ತಳಿಯ ಹೆಸರು ನರಗಳ ಗಟ್ಟಿತನಕ್ಕೆ ಗ್ಯಾರಂಟಿ ಅಲ್ಲ.

ಪರೀಕ್ಷೆ ಸುಲಭ. ನಾಯಿಗೆ ಗೊತ್ತಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ. ಅದರ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚಿಬಿತ್ತಾ? ಬೀಳಲಿ, ಅದು ತಪ್ಪಲ್ಲ. ನೋಡಬೇಕಾದ್ದು ಆಮೇಲೆ ಏನು ಮಾಡಿತು ಅನ್ನುವುದನ್ನು. ಕೆಲವೇ ಸೆಕೆಂಡುಗಳಲ್ಲಿ ತಿರುಗಿ ಬಂದು ತಟ್ಟೆಯನ್ನು ಮೂಸಿದರೆ ಒಳ್ಳೆಯ ನಾಯಿ. ಹತ್ತು ನಿಮಿಷ ಆದರೂ ಆ ಮೂಲೆಯ ಹತ್ತಿರ ಹೋಗಲು ಒಪ್ಪದಿದ್ದರೆ, ಬಾಲ ಹೊಟ್ಟೆಗೆ ಅಂಟಿಕೊಂಡೇ ಇದ್ದರೆ, ಆ ನಾಯಿಗೆ ಬೇರೆ ಕೆಲಸ ಹುಡುಕಿ. ವಾಸನೆ ಹಿಡಿಯುವ ಕೆಲಸದಲ್ಲಿ ಅದು ಮಿಂಚಬಹುದು. ಕಬ್ಬಿಣದ ಮೆಟ್ಟಿಲು, ಜಾರುವ ನೆಲ, ಕತ್ತಲೆ ಕೋಣೆ, ಇದ್ದಕ್ಕಿದ್ದಂತೆ ಬಿಚ್ಚುವ ಛತ್ರಿ, ಹೀಗೆ ಬೇರೆ ಬೇರೆ ದಿನ ನೋಡಿ. ಪ್ರತಿ ಸಲವೂ ಪ್ರಶ್ನೆ ಅದೇ: ಚೇತರಿಸಿಕೊಳ್ಳಲು ಎಷ್ಟು ಹೊತ್ತು?

ಈಗಾಗಲೇ ಮನೆಯವರನ್ನೋ ಅತಿಥಿಗಳನ್ನೋ ಹೆದರಿಕೆಯಿಂದ ಕಚ್ಚಿದ ನಾಯಿಗೆ ಈ ತರಬೇತಿ ಖಂಡಿತ ಬೇಡ. "ಹೇಗೂ ಕಚ್ಚುತ್ತೆ, ಅದನ್ನೇ ಉಪಯೋಗಿಸಿಕೊಳ್ಳೋಣ" ಅನ್ನುವ ತರಬೇತುದಾರರು ಸಿಗುತ್ತಾರೆ. ಹೆದರೋರ ಮೇಲೆ ಹಾವು ಎಸೆದ ಹಾಗೆ ಅದು. ಮಾಲೀಕರ ವಿಷಯವೂ ಹಾಗೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ದಿನಕ್ಕೆ ಒಂದು ಗಂಟೆಯೂ ನಾಯಿಗೆ ಕೊಡಲು ಆಗದವರು ಇದಕ್ಕೆ ಕೈ ಹಾಕಬಾರದು. ನಾಯಿ ಯಾರನ್ನಾದರೂ ಕಚ್ಚಿದರೆ ಪೊಲೀಸರು, ವಕೀಲರು ಕೇಳುವುದು ನಿಮ್ಮನ್ನು.

ಹಂತ 1: ಮರಿಯ ದಿನಗಳು, ಭಯದ ವಿರುದ್ಧ ಠೇವಣಿ

ಮೂರನೇ ವಾರದಿಂದ ಸುಮಾರು 12–14ನೇ ವಾರದವರೆಗೆ ಮರಿಯ ಮಿದುಳು ಲೋಕವನ್ನು "ಇದು ಸರಿ, ಇದು ಸರಿಯಿಲ್ಲ" ಎಂದು ವಿಂಗಡಿಸಿಕೊಳ್ಳುತ್ತದೆ. ಈ ಕಿಟಕಿ ಮುಚ್ಚಿದ ಮೇಲೆ ಅದೇ ಕೆಲಸಕ್ಕೆ ತುಂಬಾ ಹೆಚ್ಚು ಶ್ರಮ ಬೇಕು. ಬೇರೆ ಬೇರೆ ಜನ, ಸದ್ದು, ನೆಲ, ವಾಹನ, ಎಲ್ಲವನ್ನೂ ಮರಿ ತನ್ನ ಇಷ್ಟದ ವೇಗದಲ್ಲಿ ನೋಡಲಿ. ಎಂಟನೇ ವಾರದ ಆಸುಪಾಸಿನಲ್ಲಿ ಒಮ್ಮೆ, ಹರೆಯದಲ್ಲಿ ಇನ್ನೊಮ್ಮೆ, ನಿನ್ನೆವರೆಗೆ ಪರಿಚಯವಿದ್ದ ವಸ್ತುವಿಗೇ ಬೆಚ್ಚುವ ಕಾಲ ಬರುತ್ತದೆ. ಆಗ ಒತ್ತಾಯ ಮಾಡಬೇಡಿ. ಸುಮ್ನೆ ಪಕ್ಕದಲ್ಲಿ ನಿಲ್ಲಿ, ಅದೇ ಬಂದು ಮೂಸಲಿ.

ಕೆಲವರು "ಕಾವಲು ನಾಯಿ ಆಗಬೇಕು" ಎಂದು ಮರಿಯನ್ನು ಯಾರಿಗೂ ತೋರಿಸದೆ ಕಟ್ಟಿಹಾಕುತ್ತಾರೆ. ಅಂಥ ನಾಯಿಗೆ ಎಲ್ಲರೂ ಅಪಾಯವೇ. ನಿಜವಾದ ಅಪಾಯ ಯಾವುದೆಂದು ಗುರುತಿಸಲು ಸಾಮಾನ್ಯ ಮನುಷ್ಯ ಹೇಗಿರುತ್ತಾನೆ ಅಂತ ಮೊದಲು ಗೊತ್ತಿರಬೇಕಲ್ವಾ?

ಹಂತ 2: ಬೇಟೆಯಲ್ಲೇ ಕಚ್ಚುವುದನ್ನು ಕಲಿಸಿ

ಕಚ್ಚುವ ಕೌಶಲ ಪೂರ್ತಿ ಆಟದಲ್ಲಿ ಬರಬೇಕು. ಮೊದಲು ಬಟ್ಟೆಯ ತುಂಡು, ಆಮೇಲೆ ಟಗ್ (ಎಳೆದಾಡುವ ಆಟದ ಸಾಮಾನು), ಆಮೇಲೆ ಮೆತ್ತನೆಯ ದಿಂಬು, ಕೊನೆಗೆ ಸ್ಲೀವ್. ವಸ್ತು ಯಾವತ್ತೂ ನಾಯಿಯಿಂದ ದೂರ ಹೋಗಲಿ, ಅಡ್ಡಕ್ಕೆ ಚಲಿಸಲಿ. ನಾಯಿಯ ಮುಖಕ್ಕೆ ತುರುಕಬೇಡಿ. ಬೇಟೆಯ ಪ್ರಾಣಿ ಬಂದು ಬಾಯಿಗೆ ಬೀಳುವುದಿಲ್ಲ.

ಇಲ್ಲಿ ಗುರಿ ತುಂಬಿದ ಹಿಡಿತ. ಬಾಯಿಯ ಹಿಂದಿನ ಹಲ್ಲುಗಳವರೆಗೆ ಸ್ಲೀವ್ ಒಳಗೆ ಹೋಗಿರಬೇಕು, ದವಡೆ ಒಂದೇ ಸಮ ಒತ್ತಿರಬೇಕು, ಗಂಟಲಲ್ಲಿ ಸದ್ದಿರಬಾರದು. ಹಿಡಿದ ಮೇಲೆ ಹೆಲ್ಪರ್ ಸ್ವಲ್ಪ ಎಳೆದು, ಹಗ್ಗ ಸಡಿಲಾದಾಗ ನಾಯಿ ಇನ್ನೂ ಒಳಕ್ಕೆ ತುಂಬಿಕೊಂಡರೆ ಸ್ಲೀವ್ ಬಿಟ್ಟುಕೊಡುತ್ತಾನೆ. ನಾಯಿ ಅದನ್ನು ಹೊತ್ತುಕೊಂಡು ಒಂದು ಸುತ್ತು ಹೋಗಲಿ. ಈ ಹೊತ್ತು ತಿರುಗುವುದು ಅಲಂಕಾರಕ್ಕಲ್ಲ. ಬಾಯಿ ತುಂಬಿಕೊಂಡು ನಡೆಯುವಾಗ ಉಸಿರು ಇಳಿಯುತ್ತದೆ, ಮನಸ್ಸು ತಣಿಯುತ್ತದೆ. ಮುಂದೆ ಡಿಫೆನ್ಸ್ ಶುರುವಾದಾಗ ನಾಯಿ ಬಂದು ವಿಶ್ರಾಂತಿ ಪಡೆಯುವ ಮನೆ ಇದೇ. ಮನೆ ಕಟ್ಟದೆ ಬಿರುಗಾಳಿಗೆ ಕರೆದುಕೊಂಡು ಹೋಗಬಾರದು.

ಬಿಡು ಅನ್ನುವ ಆಜ್ಞೆಯನ್ನೂ ಇಲ್ಲೇ ಕಲಿಸಿ. ಬಿಟ್ಟರೆ ಮತ್ತೆ ಕಚ್ಚಲು ಸಿಗುತ್ತದೆ ಎಂದು ನಾಯಿಗೆ ಗೊತ್ತಾಗಬೇಕು. ಹೊಡೆದು ಬಿಡಿಸಿದ ನಾಯಿ ಹೆಲ್ಪರ್‌ಗಿಂತ ನಿಮಗೇ ಹೆದರತೊಡಗುತ್ತದೆ. ಭಯ ಎರಡೂ ಕಡೆಯಿಂದ ಬಂದರೆ ಅದು ಎತ್ತ ಹೋಗಬೇಕು?

ವಯಸ್ಸು? ಕನಿಷ್ಠ ಒಂದೂವರೆ ವರ್ಷದವರೆಗೆ ಬೇಟೆಯಲ್ಲೇ ಇರಿ ಅನ್ನುವುದು ನನ್ನ ಅಭಿಪ್ರಾಯ. ಜರ್ಮನಿಯಲ್ಲಿ ಹುಟ್ಟಿದ ಶುಟ್ಸ್‌ಹುಂಡ್ (ರಕ್ಷಣಾ ನಾಯಿ) ಸ್ಪರ್ಧೆಯ ಇಂದಿನ ರೂಪವಾದ ಐಜಿಪಿಯಲ್ಲೂ ಮೊದಲ ದರ್ಜೆಗೆ ನಾಯಿಗೆ 18 ತಿಂಗಳು ತುಂಬಿರಬೇಕು. ದೊಡ್ಡ ತಳಿಗಳಲ್ಲಿ ಮನಸ್ಸು ಬಲಿಯಲು ಎರಡು, ಕೆಲವಕ್ಕೆ ಮೂರು ವರ್ಷ ಬೇಕು. ಮೈ ಬೆಳೆದಿದೆ ಎಂದು ಮನಸ್ಸೂ ಬೆಳೆದಿದೆ ಅಂದುಕೊಳ್ಳುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

ನಾನೂ ಮಾಡಿದ್ದೇನೆ. 13 ತಿಂಗಳ ಶೆಫರ್ಡ್. ನೋಡಲು ಸಿಂಹದ ಹಾಗಿತ್ತು. ಹೆಲ್ಪರ್ ನೇರವಾಗಿ ನುಗ್ಗಿ ಬಂದ, ನಾಯಿ ಕಚ್ಚಿತು, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕಚ್ಚುವಾಗ ಅದರ ಬಾಲ ಎಲ್ಲಿತ್ತು ಎಂದು ಯಾರೂ ನೋಡಲಿಲ್ಲ. ಎರಡು ವಾರದ ನಂತರ ರಸ್ತೆಯಲ್ಲಿ ಊರುಗೋಲು ಹಿಡಿದು ಬರುತ್ತಿದ್ದ ಅಜ್ಜನ ಮೇಲೆ ಹಾರಿತು. ಹಗ್ಗ ಗಟ್ಟಿಯಿತ್ತು, ಸದ್ಯ. ಮತ್ತೆ ಬರೀ ಆಟಕ್ಕೆ ಇಳಿದು ಅದನ್ನು ಸರಿಮಾಡಲು ಎಂಟು ತಿಂಗಳು ಹಿಡಿಯಿತು.

ಹಂತ 3: ಮೈ ಓದುವುದನ್ನು ಕಲಿಯಿರಿ

ಇದಕ್ಕೆ ನಾಯಿ ಬೇಕಿಲ್ಲ, ಕಣ್ಣು ಬೇಕು. ಬೇರೆಯವರ ನಾಯಿಗಳು ಕೆಲಸ ಮಾಡುವಾಗ ಕೆಲವು ವಾರ ಸುಮ್ನೆ ಕೂತು ನೋಡಿ. ಮೊಬೈಲ್‌ನಲ್ಲಿ ವಿಡಿಯೋ ಹಿಡಿದು ನಿಧಾನಗತಿಯಲ್ಲಿ ನೋಡಿದರೆ ಇನ್ನೂ ಒಳ್ಳೆಯದು.

ಬೇಟೆಯಲ್ಲಿರುವ ನಾಯಿಯ ಬೊಗಳು ಮೇಲಿನ ಸ್ವರದಲ್ಲಿ, ಒಂದೇ ಲಯದಲ್ಲಿ ಇರುತ್ತದೆ. ಕಿವಿ ಮುಂದೆ, ಬಾಯಿ ಸಡಿಲ, ಕಣ್ಣು ಸ್ಲೀವ್ ಮೇಲೆ. ಡಿಫೆನ್ಸ್‌ಗೆ ತಿರುಗಿದಾಗ ಸ್ವರ ಎದೆಗೆ ಇಳಿಯುತ್ತದೆ, ನಡುವೆ ಗುರುಗುಟ್ಟುವಿಕೆ ಸೇರುತ್ತದೆ, ತುಟಿ ಮೇಲೆದ್ದು ಹಲ್ಲು ಕಾಣುತ್ತದೆ, ಕತ್ತು ಮತ್ತು ಬೆನ್ನ ಕೂದಲು ನಿಮಿರುತ್ತದೆ. ಕಣ್ಣು ಸ್ಲೀವ್ ಬಿಟ್ಟು ಮನುಷ್ಯನ ಮುಖಕ್ಕೆ ಹೋಗುತ್ತದೆ. ಇಲ್ಲಿಯವರೆಗೆ ಸರಿ.

ಇದರಾಚೆಗೆ ಸರಿಯಿಲ್ಲ. ಮೈಯ ಭಾರ ಹಿಂಗಾಲಿಗೆ ಹೋಗಿದೆ, ಬಾಲ ಇಳಿದಿದೆ ಅಥವಾ ಒಳಸೇರಿದೆ, ಕಿವಿ ತಲೆಗೆ ಅಂಟಿದೆ, ಕಣ್ಣಿನ ಬಿಳಿ ಕಾಣುತ್ತಿದೆ, ನಾಯಿ ಪಕ್ಕಕ್ಕೆ ದಾರಿ ಹುಡುಕುತ್ತಿದೆ. ಈಗ ಓಡುವ ಮನಸ್ಸು ಗೆಲ್ಲುತ್ತಿದೆ. ಹೊಸಬರ ಕಣ್ಣಿಗೆ ಬೀಳದ ಲಕ್ಷಣಗಳು ಇನ್ನೂ ಸಣ್ಣವು. ಇದ್ದಕ್ಕಿದ್ದಂತೆ ನೆಲ ಮೂಸುವುದು, ಆಕಳಿಸುವುದು, ಮೂಗನ್ನು ನಾಲಿಗೆಯಿಂದ ಸವರಿಕೊಳ್ಳುವುದು, ತುರಿಸಿಕೊಳ್ಳುವುದು. "ನೋಡಿ, ಹೆದರಿಕೆಯೇ ಇಲ್ಲ, ಹುಲ್ಲು ಮೂಸ್ತಾ ಇದೆ" ಎಂದು ಮಾಲೀಕರು ನಗುತ್ತಾರೆ. ನಾಯಿ ಆಗಲೇ ಆ ಜಾಗದಿಂದ ಮನಸ್ಸಿನಲ್ಲಿ ಓಡಿಹೋಗಿದೆ.

ಹಿಡಿತವೂ ಮಾತಾಡುತ್ತದೆ. ಮುಂದಿನ ಹಲ್ಲಿನಲ್ಲಿ ಮಾತ್ರ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಟೈಪ್‌ರೈಟರ್ ಹಾಗೆ ಕಟಕಟ ಅಗಿಯುವ ನಾಯಿಗೆ ಆ ಕೈ ಸುಡುತ್ತಿದೆ. ಬಾಯಿ ಮುಂದೆ ಹೋಗಬೇಕು ಅನ್ನುತ್ತದೆ, ಕಾಲು ಬೇಡ ಅನ್ನುತ್ತದೆ.

ಹಂತ 4: ಮೊದಲ ಬೆದರಿಕೆ

ಅಗಲವಾದ ಚಪ್ಪಟೆ ಕಾಲರ್ ಅಥವಾ ಹಾರ್ನೆಸ್ ಹಾಕಿ. ಗಟ್ಟಿ ಕಂಬಕ್ಕೆ ಎಳೆದರೆ ಹಿಗ್ಗುವ ಹಗ್ಗದಿಂದ ಕಟ್ಟಿ. ಕೊಂಡಿ, ಹೊಲಿಗೆ, ಗಂಟು ಪ್ರತಿ ಸಲವೂ ನೋಡಿ, ಇನ್ನೊಂದು ಹಗ್ಗ ನಿಮ್ಮ ಕೈಯಲ್ಲಿರಲಿ. ಮುಳ್ಳಿನ ಕಾಲರ್, ಕರೆಂಟ್ ಕಾಲರ್ ಇಲ್ಲಿ ಬೇಡವೇ ಬೇಡ. ಬೆದರಿಕೆ ಕಂಡ ಕ್ಷಣ ಕತ್ತಿನಲ್ಲಿ ನೋವಾದರೆ ನಾಯಿ ಆ ನೋವನ್ನು ಎದುರಿನ ಮನುಷ್ಯನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಜರ್ಮನಿಯಲ್ಲಂತೂ 2022ರಿಂದ ತರಬೇತಿಯಲ್ಲಿ ಮುಳ್ಳಿನ ಕಾಲರ್ ಬಳಸುವುದೇ ನಿಷಿದ್ಧ.

ಕಟ್ಟಿದ ನಾಯಿ ಓಡಲಾರದು, ಇದನ್ನು ಮರೆಯಬೇಡಿ. ಓಡುವ ದಾರಿಯನ್ನು ನಾವೇ ಮುಚ್ಚಿದ್ದೇವೆ. ಅದಕ್ಕೇ ಹೆಲ್ಪರ್ ದೂರದಲ್ಲಿರಬೇಕು. ನಾನು 25–30 ಮೀಟರ್‌ನಿಂದ ಶುರು ಮಾಡುತ್ತೇನೆ.

ಹೆಲ್ಪರ್ ಕೈಯಲ್ಲಿ ಬೆದರಿಕೆಯನ್ನು ಏರಿಸುವ, ಇಳಿಸುವ ಹಲವು ಗುಂಡಿಗಳಿವೆ. ದಿಟ್ಟಿಸಿ ನೋಡುವುದು ಒಂದು, ಎದೆ ನೇರ ತಿರುಗಿಸುವುದು ಒಂದು. ನಿಧಾನವಾಗಿ ನೇರಕ್ಕೆ ಬರುವುದು, ಮೌನ, ವಿಚಿತ್ರ ಟೋಪಿ ಅಥವಾ ಕೋಟು, ಎತ್ತಿದ ಕೈ, ಕೋಲು, ಹತ್ತಿರ ಬರುವುದು, ಇವೆಲ್ಲ ಉಳಿದವು. ವೇಗವಾಗಿ ಅಡ್ಡಕ್ಕೆ ಓಡಿದರೆ ನಾಯಿಗೆ ಬೇಟೆ. ನಿಧಾನವಾಗಿ ನೇರ ಬಂದರೆ ಬೆದರಿಕೆ. ಒಂದು ಸಲಕ್ಕೆ ಒಂದೇ ಗುಂಡಿ ಒತ್ತಬೇಕು. ಟೋಪಿ, ಕೋಲು, ದಿಟ್ಟಿ ಎಲ್ಲ ಒಟ್ಟಿಗೆ ಹಾಕಿಕೊಂಡು ನುಗ್ಗುವ ಹೆಲ್ಪರ್ ನಾಯಿಯನ್ನು ಪರೀಕ್ಷಿಸುತ್ತಿಲ್ಲ, ಹಾಳುಮಾಡುತ್ತಿದ್ದಾನೆ.

ಮೊದಲ ದಿನ ಹೀಗೆ ನಡೆಯಲಿ. ನೀವು ನಾಯಿಯ ಪಕ್ಕದಲ್ಲಿ ನಿಂತಿದ್ದೀರಿ. ಹೆಲ್ಪರ್ ದೂರದ ಮರೆಯಿಂದ ಅರ್ಧ ಕಾಣಿಸಿಕೊಳ್ಳುತ್ತಾನೆ. ಓರೆಯಾಗಿ, ತಡೆತಡೆದು ಎರಡು ಹೆಜ್ಜೆ ಇಡುತ್ತಾನೆ. ಒಮ್ಮೆ ನಾಯಿಯತ್ತ ನೋಡಿ ಕಣ್ಣು ತಪ್ಪಿಸುತ್ತಾನೆ. ನಾಯಿ ಕಿವಿ ಎತ್ತಿ ಸ್ಥಿರವಾಗುತ್ತದೆ. ಬಾಯಿ ಮುಚ್ಚುತ್ತದೆ. ಒಂದು "ವುಫ್" ಬರುತ್ತದೆ, ಅಥವಾ ಅರ್ಧ ಹೆಜ್ಜೆ ಮುಂದೆ. ಆ ಕ್ಷಣವೇ ಹೆಲ್ಪರ್ ಬೆಚ್ಚಿಬಿದ್ದು ತಿರುಗಿ ಓಡಬೇಕು. ಪೂರ್ತಿ ಓಡಬೇಕು, ಮರೆಯಾಗಬೇಕು. ನೀವು ಮೆಲ್ಲಗೆ "ಭೇಷ್" ಅನ್ನಿ. ಅಷ್ಟೇ, ಮುಗಿಯಿತು. ಬೆದರಿಕೆ ಇದ್ದದ್ದು ಐದಾರು ಸೆಕೆಂಡು.

ನೋಡುವವರಿಗೆ "ಇಷ್ಟೇನಾ?" ಅನ್ನಿಸುತ್ತದೆ. ನಾಯಿಗೆ ಇದು ಸಣ್ಣದಲ್ಲ. ತನ್ನ ಒಂದು ಗುಟುರಿಗೆ ದೊಡ್ಡ ಮನುಷ್ಯ ಓಡಿಹೋದ! ಎರಡು ಮೂರು ಸಲ ಮಾಡಿ, ನಿಲ್ಲಿಸಿ. ಮುಂದಿನ ಸಲಕ್ಕೆ ಎರಡು ಮೂರು ದಿನ ಅಂತರ ಕೊಡಿ. ಗಾಬರಿಯ ರಸಗಳು ಮೈಯಿಂದ ಇಳಿಯಲು ಹೊತ್ತು ಬೇಕು. ಅವು ಇಳಿಯುವ ಮೊದಲೇ ಮತ್ತೆ ಏರಿಸಿದರೆ ನಾಯಿ ದಿನವಿಡೀ ತುದಿಗಾಲಲ್ಲಿ ಇರುತ್ತದೆ.

ನಂತರದ ವಾರಗಳಲ್ಲಿ ಬೆಲೆ ಏರಿಸಿ. ಮೊದಲು ಒಂದು ಗುಟುರು ಸಾಕಿತ್ತು, ಈಗ ಮೂರು ಬೊಗಳು ಬೇಕು, ಆಮೇಲೆ ಹಗ್ಗ ಬಿಗಿಯುವಷ್ಟು ಮುಂದೆ ನುಗ್ಗಬೇಕು. ಒಮ್ಮೊಮ್ಮೆ ಬೇಕೆಂದೇ ಕಡಿಮೆ ಬೆಲೆಗೆ ಗೆಲುವು ಕೊಡಿ. ಎಂಟು ಸಲ ಸುಲಭ, ಎರಡು ಸಲ ಕಷ್ಟ, ಇದು ನನ್ನ ಅಂದಾಜಿನ ಲೆಕ್ಕ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ನಡೆಸಿದ ಪ್ರಯೋಗ ಇಂದಿಗೂ ಮೈದಾನದಲ್ಲಿ ನೆನಪಿಗೆ ಬರುತ್ತದೆ. ಕಷ್ಟದ ಕೆಲಸ ಕಲಿಯುವಾಗ ಶಾಕ್ ಒಂದು ಮಿತಿ ದಾಟಿದರೆ ಕಲಿಕೆ ನಿಧಾನವಾಗುತ್ತಿತ್ತು. ತಲೆ ತುಂಬಾ ಗಾಬರಿ ಇದ್ದಾಗ ಕಲಿಯಲು ಜಾಗ ಎಲ್ಲಿ?

ನಿಮ್ಮ ಪಾತ್ರ ಇಲ್ಲಿ ಕಡಿಮೆ, ಆದರೆ ಅದನ್ನೇ ಹೆಚ್ಚಿನವರು ಕೆಡಿಸುತ್ತಾರೆ. ಕಿರುಚಬೇಡಿ. "ಹಿಡಿ, ಹಿಡಿ" ಎಂದು ಹುರಿದುಂಬಿಸಬೇಡಿ. ನಿಮ್ಮ ಗಾಬರಿಯ ದನಿ ನಾಯಿಗೆ ಇನ್ನೊಂದು ಬೆದರಿಕೆ. ಪಕ್ಕದಲ್ಲಿ ಮರದ ಹಾಗೆ ನಿಲ್ಲಿ.

ಹಂತ 5: ಡಿಫೆನ್ಸ್‌ನಿಂದ ಬೇಟೆಗೆ ದಾಟಿಸುವುದು

ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಭಾಗ ಇದು. ಹೆಚ್ಚು ಕೌಶಲ ಬೇಕಾದದ್ದೂ ಇದಕ್ಕೇ.

ಡಿಫೆನ್ಸ್‌ನಲ್ಲಿ ನಾಯಿ ಬಹಳ ಹೊತ್ತು ಇರಲಾರದು. ಅದು ಒಳಗಿನ ಎಣ್ಣೆಯನ್ನು ಬೇಗ ಸುಡುವ ಉರಿ. ಬೇಟೆಯಲ್ಲಿ ಶಕ್ತಿ ಇದೆ, ಖುಷಿ ಇದೆ, ಆದರೆ ಗಂಭೀರತೆ ಕಡಿಮೆ. ಬರೀ ಬೇಟೆಯಲ್ಲಿ ಬೆಳೆದ ನಾಯಿ ಸ್ಲೀವ್ ಇಲ್ಲದ ಕಳ್ಳನ ಮುಂದೆ ಬಾಲ ಆಡಿಸುತ್ತಾ "ನನ್ನ ಆಟದ ಸಾಮಾನು ಎಲ್ಲಿ?" ಎಂದು ಹುಡುಕಬಹುದು. ಬರೀ ಡಿಫೆನ್ಸ್‌ನಲ್ಲಿ ಬೆಳೆದದ್ದು ಎಲ್ಲರಲ್ಲೂ ಕಳ್ಳನನ್ನೇ ಕಾಣುತ್ತದೆ. ಎರಡರ ನಡುವೆ ಸಲೀಸಾಗಿ ಓಡಾಡುವ ದಾರಿ ಬೇಕು.

ದಾರಿ ಹೀಗೆ. ಹೆಲ್ಪರ್ ನೇರ ನಿಂತು ಒಮ್ಮೆ ದಿಟ್ಟಿಸುತ್ತಾನೆ. ನಾಯಿಯ ದನಿ ಎದೆಗಿಳಿಯುತ್ತದೆ, ಮುಂದೆ ನುಗ್ಗುತ್ತದೆ. ತಕ್ಷಣ ಅವನು ಭುಜ ತಿರುಗಿಸಿ, ಕಣ್ಣು ಇಳಿಸಿ, ಅಡ್ಡಕ್ಕೆ ಚಲಿಸುತ್ತಾನೆ. ಕ್ಷಣದಲ್ಲಿ ಬೆದರಿಕೆ ಹೋಗಿ ಬೇಟೆ ಬಂತು. ಸ್ಲೀವ್ ಸಿಗುತ್ತದೆ, ನಾಯಿ ತುಂಬಿಕೊಂಡು ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಹಿಡಿದ ಕೂಡಲೇ ಸ್ಲೀವ್ ಬಿಟ್ಟುಕೊಡಿ, ಹೊತ್ತುಕೊಂಡು ಹೋಗಲಿ. ಎದುರಿಸಿದರೆ ಮನುಷ್ಯ ಬೇಟೆಯಾಗಿಬಿಡುತ್ತಾನೆ ಅನ್ನುವುದು ನಾಯಿಗೆ ಅರ್ಥವಾಗಲಿ.

ಇದು ಗಟ್ಟಿಯಾದ ಮೇಲೆ ಒತ್ತಡವನ್ನು ಹಿಡಿತದ ಒಳಗೆ ತನ್ನಿ. ನಾಯಿ ಹಿಡಿದಿರುವಾಗಲೇ ಹೆಲ್ಪರ್ ಮೆತ್ತನೆಯ ಕೋಲನ್ನು ಒಮ್ಮೆ ಎತ್ತುತ್ತಾನೆ. ಹೊಡೆಯುವುದಿಲ್ಲ, ಎತ್ತುತ್ತಾನೆ ಅಷ್ಟೆ. ನಾಯಿಯ ಕಣ್ಣು ಮಿಟುಕಬಹುದು, ದವಡೆ ಒಂದು ಕ್ಷಣ ಸಡಿಲಾಗಬಹುದು. ಕಾಯಿರಿ. ಅದು ಮತ್ತೆ ಒಳಕ್ಕೆ ತುಂಬಿಕೊಂಡ ಕ್ಷಣ ಹೆಲ್ಪರ್ ಕುಸಿದು ಸ್ಲೀವ್ ಬಿಡಬೇಕು. ತುಂಬಿಕೊಳ್ಳದೆ ಅಗಿಯತೊಡಗಿದರೆ ಕೋಲು ಇಳಿಸಿ, ಹಗುರ ಮಾಡಿ, ಮುಂದಿನ ಸಲ ಅರ್ಧವೇ ಎತ್ತಿ. ಬೆದರಿಕೆ ಬಂದಾಗ ಹಿಡಿತ ಬಿಗಿ ಮಾಡಿದರೆ ಬೆದರಿಕೆ ಸಾಯುತ್ತದೆ, ಇದು ನಾಯಿಗೆ ಮಂತ್ರವಾಗಬೇಕು. ಇಲ್ಲಿಂದಾಚೆ ಕೋಲು, ಕೂಗು, ಮೈಮೇಲೆ ಬಾಗುವುದು ಎಲ್ಲವೂ ಒಂದೊಂದಾಗಿ ಸೇರುತ್ತವೆ. ಒಂದೊಂದಕ್ಕೂ ವಾರಗಳು ಬೇಕು.

ಹಿಡಿತದಲ್ಲಿ ಶಾಂತವಾಗಿದ್ದೂ ಕಣ್ಣು ಎದುರಾಳಿಯ ಮೇಲಿರುವ ನಾಯಿಯನ್ನು ಹಳೆಯ ತರಬೇತುದಾರರು "ಹೋರಾಟದ ಮನಸ್ಸು ಬಂದಿದೆ" ಅನ್ನುತ್ತಾರೆ. ನನ್ನ ಪ್ರಕಾರ ಅದು ಹೊಸ ಡ್ರೈವ್ ಏನೂ ಅಲ್ಲ. ನೂರಾರು ಸಲ ಗೆದ್ದ ನಾಯಿಗೆ ಭಯದ ಜಾಗದಲ್ಲಿ ಭರವಸೆ ಕೂತಿದೆ.

ಹಂತ 6: ಸ್ಲೀವ್ ಆಚೆಗೆ, ಹಿಡಿತದೊಳಗೆ

ಸ್ಪರ್ಧೆಗೆ ಮಾತ್ರ ಆದರೆ ಈ ಹಂತವನ್ನು ಬೇಗ ದಾಟಬಹುದು. ನಿಜವಾದ ರಕ್ಷಣೆಗೆ ಬೇಕಿದ್ದರೆ ಜಾಗ, ಹೊತ್ತು, ಹೆಲ್ಪರ್, ಬಟ್ಟೆ ಎಲ್ಲವೂ ಬದಲಾಗಬೇಕು. ಬಟ್ಟೆಯೊಳಗೆ ಅಡಗಿಸಿದ ಸ್ಲೀವ್ ಹಾಕಿ ನೋಡಿ. ಬಾಯಿಪಟ್ಟಿ ಹಾಕಿ ನುಗ್ಗಿಸಿ ನೋಡಿ. ಪ್ರತಿ ಬದಲಾವಣೆಯಲ್ಲೂ ಬೆದರಿಕೆಯ ಮಟ್ಟ ಎರಡು ಮೆಟ್ಟಿಲು ಇಳಿಸಿ ಶುರು ಮಾಡಿ, ಯಾಕೆಂದರೆ ಹೊಸತನವೇ ಒಂದು ಬೆದರಿಕೆ.

ಆಜ್ಞೆ ಇಲ್ಲದೆ ಕಚ್ಚುವ ನಾಯಿ ರಕ್ಷಣಾ ನಾಯಿ ಅಲ್ಲ. ಐಜಿಪಿಯಲ್ಲಿ ವಾಸನೆ, ವಿಧೇಯತೆ, ರಕ್ಷಣೆ ಎಂಬ ಮೂರು ಭಾಗಗಳಿಗೆ ಸಮವಾಗಿ ನೂರು ನೂರು ಅಂಕ ಇಟ್ಟಿರುವುದಕ್ಕೆ ಅರ್ಥವಿದೆ. ಸ್ಥಿರವಾಗಿ ನಿಂತ ಹೆಲ್ಪರ್‌ನನ್ನು ಕಚ್ಚದೆ ಎದುರು ನಿಂತು ಬೊಗಳುವ ಅಭ್ಯಾಸವನ್ನು ಚೆನ್ನಾಗಿ ಕಲಿಸಿ. ಅದರಲ್ಲಿ ಭಯದ ಮೇಲಿನ ಹತೋಟಿ ಬರಿಗಣ್ಣಿಗೆ ಕಾಣುತ್ತದೆ. ಹೆದರಿದ ನಾಯಿ ದೂರ ನಿಂತು ಕೂಗುತ್ತದೆ, ಇಲ್ಲವೇ ತಡೆಯಲಾರದೆ ಕಚ್ಚಿಬಿಡುತ್ತದೆ. ಭರವಸೆ ಇರುವ ನಾಯಿ ಎದೆಯ ಹತ್ತಿರ ನಿಂತು, ಬಿಡದೆ, ಲಯ ತಪ್ಪದೆ ಬೊಗಳುತ್ತದೆ.

ಕೆಟ್ಟರೆ ಏನು ಮಾಡಬೇಕು

ಒಂದು ಸಲ ನಾಯಿ ಹಿಂದೆ ಓಡಿತು ಅಂದುಕೊಳ್ಳಿ. ಹೆಲ್ಪರ್ ಅಲ್ಲೇ ನಿಲ್ಲಬೇಕು, ಗೆದ್ದವನ ಹಾಗೆ ಬೆನ್ನಟ್ಟಬಾರದು. ತಕ್ಷಣ ಓಡಿಹೋಗಲೂ ಬಾರದು, ಯಾಕೆಂದರೆ ಓಟಕ್ಕೆ ಕೂಲಿ ಕೊಟ್ಟ ಹಾಗಾಗುತ್ತದೆ. ಅವನು ಪಕ್ಕಕ್ಕೆ ತಿರುಗಿ, ಕುಗ್ಗಿ, ಸ್ಲೀವ್ ಅಲ್ಲಾಡಿಸಲಿ. ನಾಯಿಯ ಕಿವಿ ಅತ್ತ ತಿರುಗಿದರೂ ಸಾಕು, ಆಗ ಓಡಲಿ. ಆ ದಿನ ಅಲ್ಲಿಗೇ ಬಿಡಿ. ಮುಂದಿನ ಕೆಲವು ವಾರ ಬರೀ ಆಟ.

ಮನೆಯಲ್ಲೂ ಕಣ್ಣಿಡಿ. ಮೊದಲು ಗಮನಿಸದೇ ಇದ್ದ ಸದ್ದಿಗೆ ಈಗ ಎದ್ದು ಗುರುಗುಟ್ಟುತ್ತಿದೆಯಾ? ನಿದ್ದೆ ಕಡಿಮೆಯಾಗಿದೆಯಾ? ಪರಿಚಿತರನ್ನು ಅನುಮಾನದಿಂದ ನೋಡುತ್ತಿದೆಯಾ? ತರಬೇತಿಗೆ ಹೋಗುವ ವಾಹನ ಹತ್ತಲು ಹಿಂಜರಿಯುತ್ತಿದೆಯಾ? ಇವುಗಳಲ್ಲಿ ಎರಡು ಕಂಡರೂ ಡಿಫೆನ್ಸ್ ಕೆಲಸ ನಿಲ್ಲಿಸಿ. ಪಶುವೈದ್ಯರಿಗೂ ಒಮ್ಮೆ ತೋರಿಸಿ. ಕೀಲು ನೋವು, ಕಿವಿ ಸೋಂಕು ಇದ್ದರೂ ನಾಯಿಯ ಸಹನೆ ಇಳಿಯುತ್ತದೆ. ನೋವಿನ ನಾಯಿಯನ್ನು "ಡ್ರೈವ್ ಜಾಸ್ತಿಯಾಗಿದೆ" ಎಂದು ಹೊಗಳಿದ ಜಾಣರನ್ನು ನೋಡಿದ್ದೇನೆ.

ಪ್ರತಿ ತರಬೇತಿಯ ನಂತರ ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ದೂರ ಎಷ್ಟು, ಯಾವ ಗುಂಡಿ ಒತ್ತಿದ್ದು, ನಾಯಿ ಯಾವ ಕ್ಷಣದಲ್ಲಿ ಗೆದ್ದಿತು, ಬಾಲ ಎಲ್ಲಿತ್ತು. ತಿಂಗಳಿಗೊಮ್ಮೆ ತಿರುವಿ ನೋಡಿ. ದೂರ ಕಡಿಮೆಯಾಗುತ್ತಾ ಬಂದಿದ್ದು ಬಾಲವೂ ಇಳಿಯುತ್ತಾ ಬಂದಿದ್ದರೆ ನೀವು ಆತುರ ಮಾಡುತ್ತಿದ್ದೀರಿ.

ಕೊನೆಗೆ, ಕೆಲಸ ಮುಗಿದ ಪ್ರತಿ ದಿನವೂ ಒಂದು ಕೆಲಸ ಮಾಡಿ. ಹೆಲ್ಪರ್ ಸ್ಲೀವ್, ಕೋಟು ಕಳಚಿಟ್ಟು, ಬೆಂಚಿನ ಮೇಲೆ ಕೂತು ನೀರು ಕುಡಿಯಲಿ. ನಾಯಿ ಅರ್ಧ ಗಂಟೆ ತಣಿದ ಮೇಲೆ ಹಗ್ಗ ಹಿಡಿದು ಅವನ ಮುಂದೆ ಸುರಕ್ಷಿತ ದೂರದಲ್ಲಿ ನಡೆಸಿಕೊಂಡು ಹೋಗಿ. ಸಡಿಲ ಮೈಯಲ್ಲಿ, ಒಮ್ಮೆ ನೋಡಿ ಮುಂದೆ ಹೋದರೆ ಮುಂದಿನ ವಾರ ಅದೇ ಹಂತದಲ್ಲಿ ಮುಂದುವರಿಯಿರಿ. ಬೆನ್ನ ಕೂದಲು ಎದ್ದಿತು, ದಾರಿ ಬಿಟ್ಟು ಸುತ್ತು ಹಾಕಿತು ಅಂದರೆ, ಎರಡನೇ ಹಂತಕ್ಕೆ ವಾಪಸ್ ಹೋಗಿ ಟಗ್ ಕೈಗೆತ್ತಿಕೊಳ್ಳಿ.